ನೀರಿಗೆ ಅದ್ದಿದ ಉಕ್ಕು

ಆಯಿಲ್‌ಡೇಲ್, ಕ್ಯಾಲಿಫೋರ್ನಿಯಾ
ಏಪ್ರಿಲ್ 8, 1951

ಡೆಲ್ಮರ್,

ಮೊದಲು ಪೆಟ್ಟಿಗೆ ಬಿಚ್ಚು, ಆಮೇಲೆ ಈ ಕಾಗದ ಓದು. ನನ್ನ ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಸುತ್ತಿರುವುದು ಒಂದು ಜೊತೆ ಸ್ಟಿಯರಿಂಗ್ ತೋಳು. ಗಾಡಿಯ ಮೂತಿಯನ್ನು ತಗ್ಗಿಸಿದ ಮೇಲೆ ಚಕ್ರ ತಿರುಗಿಸುವ ತೋಳುಗಳು ಕೆಳಗಿನ ಸರಳಿಗೆ ತಾಗುತ್ತಿವೆ ಎಂದು ಕ್ರಿಸ್‌ಮಸ್ ಹೊತ್ತಿಗೆ ಬರೆದಿದ್ದೆಯಲ್ಲ. ಇವು ತಾಗುವುದಿಲ್ಲ. ಕೆಂಪಗೆ ಕಾಯಿಸಿ ಕೆಳಕ್ಕೆ ಬಗ್ಗಿಸಿದ್ದೇನೆ. ನಿನಗೊಂದು ಜೊತೆ, ನನಗೊಂದು ಜೊತೆ. ಒಂದೇ ಮಧ್ಯಾಹ್ನ, ಒಂದೇ ಬೆಂಕಿ. ತಾನಾಗಿ ತಣ್ಣಗಾಗಲಿ ಎಂದು ಕಾಯುವ ತಾಳ್ಮೆ ನನಗಿದ್ದರೆ ಶಾಲೆಯನ್ನೇ ಮುಗಿಸುತ್ತಿದ್ದೆ. ಗುಜರಿ ಅಂಗಳದ ನೀರಿನ ತೊಟ್ಟಿಗೆ ಅದ್ದಿದೆ, ಸೊಯ್ ಎಂದವು, ಕೆಲಸ ಮುಗಿಯಿತು. ಆಮೇಲೆ ನಾಲ್ಕಕ್ಕೂ ಕ್ರೋಮ್ ಹೊಡೆಸಿದೆ. ಬಿಸಿಲಲ್ಲಿ ಹಿಡಿದು ನೋಡು, ಕಣ್ಣು ಕುಕ್ಕುತ್ತದೆ.

ಹೋದ ವರ್ಷ ಉಪ್ಪಿನ ಬಯಲಿನ ವೇಗದ ಪಂದ್ಯದಲ್ಲಿ ನಡೆದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನಿನ್ನ ಎಂಜಿನ್ನಿನ ಸಿಲಿಂಡರುಗಳನ್ನು ಕೊರೆದು ದೊಡ್ಡದು ಮಾಡಿದ್ದೋ ಇಲ್ಲವೋ ಎಂದು ಪಂದ್ಯದ ಅಧಿಕಾರಿ ನನ್ನ ಮುಖ ನೋಡಿ ಕೇಳಿದ. ಕೊರೆದವನೇ ನಾನು. ನೀನು ಬೇರೆ ಅಳತೆ ಬರೆದುಕೊಟ್ಟಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಆ ಗೆಲುವಿನ ಫಲಕವನ್ನು ನಿನ್ನ ಕೈಯಿಂದ ವಾಪಸ್ ತೆಗೆದುಕೊಂಡಾಗ ನಿನ್ನ ಮುಖ ಹೇಗಿತ್ತು ಎಂಬುದು ನನ್ನ ಕಣ್ಣಿಂದ ಹೋಗಿಲ್ಲ. ಈ ತೋಳುಗಳು ಅದಕ್ಕೆ.

ನನ್ನ ಗಾಡಿ ಇನ್ನೂ ಮರದ ದಿಮ್ಮಿಗಳ ಮೇಲೆ ಕೂತಿದೆ. ಅಪ್ಪ ಎಣ್ಣೆ ಬಾವಿಯ ಕೆಲಸ ಮುಗಿಸಿ ಬಂದು ದಿನಾ ಒಮ್ಮೆ ಸುತ್ತು ಹಾಕುತ್ತಾನೆ. ‘ಚಾವಣಿ ಕಿತ್ತೆ, ಮಡ್‌ಗಾರ್ಡ್ ಕಿತ್ತೆ, ಬಾನೆಟ್ಟೂ ಕಿತ್ತೆ. ಮುಂದೆ ಏನು, ಚಕ್ರಾನೂ ಕೀಳ್ತೀಯಾ?’ ಎನ್ನುತ್ತಾನೆ. ಹಾಟ್ ರಾಡ್ ಅಂದರೆ ಅಷ್ಟೇ ಅಪ್ಪ, ಓಡುವುದಕ್ಕೆ ಬೇಡದ್ದನ್ನೆಲ್ಲ ಕೀಳುವುದು ಎಂದರೆ, ‘ಹಂಗಾದ್ರೆ ಮೊದ್ಲು ಓಡ್ಸೋನ್ನ ಕೀಳ್ಬೇಕು’ ಎಂದು ಒಳಗೆ ಹೋಗುತ್ತಾನೆ.

ಆಗಸ್ಟಿನಲ್ಲಿ ಉಪ್ಪಿನ ಮೇಲೆ ಸಿಗೋಣ. ನೀನು ಮಾತಾಡಿಸದಿದ್ದರೂ ಬರುತ್ತೇನೆ.

ಆರ್ವಲ್ ಟೀಗ್

*

ಈಲಿ, ನೆವಾಡಾ
ಏಪ್ರಿಲ್ 29

ಸತ್ಯವಂತರಾದ ಆರ್ವಲ್ ಟೀಗ್ ಸಾಹೇಬರಿಗೆ,

ಪೆಟ್ಟಿಗೆ ಬಂತು. ನಿನ್ನ ಪ್ಯಾಂಟಿನ ಬಟ್ಟೆಯನ್ನು ನಮ್ಮಕ್ಕ ಲೆಟಾ ಇಕ್ಕಳದಲ್ಲಿ ಹಿಡಿದು ಒಲೆಗೆ ಹಾಕಿದಳು. ‘ಇದನ್ನ ಹಾಕ್ಕೊಂಡಿದ್ದೋನು ಇನ್ನೂ ಬದುಕಿದಾನಾ?’ ಎಂದು ಕೇಳಿದಳು.

ಕೋಪ ಪೂರ್ತಿ ಹೋಗಿಲ್ಲ. ಆದರೆ ತೋಳುಗಳನ್ನು ಅದೇ ದಿನ ಕೂರಿಸಿದೆ. ಗಣಿಯ ಲಾರಿ ಷೆಡ್ಡಿನವರೆಲ್ಲ ಕೆಲಸ ಬಿಟ್ಟು ನೋಡಲು ಬಂದರು. ‘ಲೋ ಕ್ರೌಚ್, ಇದ್ರಲ್ಲಿ ಮುಖ ನೋಡ್ಕೊಂಡು ಗಡ್ಡ ಬೋಳಿಸ್ಬೋದು ಕಣೋ’ ಎಂದ ಒಬ್ಬ. ಇನ್ನೊಬ್ಬ, ‘ಗಾಡಿ ಮಾರಿ ತೋಳು ಇಟ್ಕೋ’ ಎಂದ. ನಾನು ಬಟ್ಟೆಯಿಂದ ಇನ್ನೊಮ್ಮೆ ಒರೆಸಿದೆ.

ಮೂರು ಕಾರ್ಬುರೇಟರುಗಳನ್ನೂ ಏರಿಸಿ ಆಯಿತು. ನಡುವಿನದು ಇನ್ನೂ ಸೀನುತ್ತದೆ. ನಾವಿರುವ ಗಣಿ ಕ್ಯಾಂಪಿನಿಂದ ಊರಿಗೆ ಇಳಿಯುವ ರಸ್ತೆಯಲ್ಲಿ ದಿನಾ ಓಡಿಸುತ್ತಿದ್ದೇನೆ. ಒಂದು ಬದಿ ಬಂಡೆ, ಇನ್ನೊಂದು ಬದಿ ಏನೂ ಇಲ್ಲ. ಸ್ಟಿಯರಿಂಗ್ ಎಷ್ಟು ಹಗುರವಾಗಿದೆ ಎಂದರೆ ನಾನು ತಿರುವನ್ನು ನೆನೆಸಿಕೊಂಡರೆ ಸಾಕು, ಗಾಡಿ ತಿರುಗುತ್ತದೆ.

ಈ ಸಲ ಅಳತೆ ಸರಿಯಾಗಿ ಬರೆದುಕೊಡುತ್ತೇನೆ. ನೀನು ಬಾಯಿ ತೆರೆಯಬೇಕಾಗಿಲ್ಲ.

ಡೆಲ್ಮರ್

*

ಆಯಿಲ್‌ಡೇಲ್
ಜೂನ್ 17

ಡೆಲ್ಮರ್,

ನಿನ್ನೆ ಕಳಿಸಿದ ತಂತಿ ಸಿಕ್ಕಿರುತ್ತದೆ. ತಂತಿಯಲ್ಲಿ ಕಾರಣ ಬರೆಯಲು ಜಾಗವಿರಲಿಲ್ಲ. ತೋಳುಗಳನ್ನು ಬಿಚ್ಚು. ಇನ್ನೂ ಬಿಚ್ಚಿಲ್ಲವಾದರೆ ಈ ಕಾಗದವನ್ನು ಅಲ್ಲೇ ಇಟ್ಟು ಹೋಗಿ ಬಿಚ್ಚಿ ಬಾ.

ನಿನ್ನೆ ಮಧ್ಯಾಹ್ನ ನಾನು ಅಂಗಳದಲ್ಲಿ ಕೂತು ಬ್ರೆಡ್ ತಿನ್ನುತ್ತಿದ್ದೆ. ಗಾಡಿ ದಿಮ್ಮಿಗಳ ಮೇಲೆ ನಿಂತಿತ್ತು. ಯಾರೂ ಹತ್ತಿರ ಇರಲಿಲ್ಲ. ಟಕ್ ಎಂದು ಸದ್ದಾಯಿತು, ಯಾರೋ ಬೆರಳಿನ ನೆಟಿಕೆ ಮುರಿದ ಹಾಗೆ. ಬೆಕ್ಕೇನೋ ಎಂದು ಎದ್ದು ನೋಡಿದೆ. ಎಡಗಡೆಯ ತೋಳಿನ ಬಾಗಿನಲ್ಲಿ ಒಂದು ಗೆರೆ ಇತ್ತು, ಕೂದಲಿನಷ್ಟು. ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ತುಂಡು ನೆಲಕ್ಕೆ ಬಿತ್ತು.

ಸುಮ್ಮನೆ ನಿಂತಿದ್ದ ಗಾಡಿಯಲ್ಲಿ, ಡೆಲ್ಮರ್. ಅದರ ಮೇಲೆ ಇದ್ದದ್ದು ಬೋಲ್ಟಿನ ಬಿಗಿತ ಒಂದೇ.

ಒಡೆದ ಜಾಗ ಕಲ್ಲುಸಕ್ಕರೆಯಂತೆ ಹರಳು ಹರಳಾಗಿತ್ತು. ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ. ನಗಲಿಲ್ಲ. ‘ಕೆಟ್ಟ ಅನಿಲ ಇರೋ ಬಾವೀಲಿ ಪಂಪಿನ ಸರಳು ಹಿಂಗೇ ಹೋಗೋದು. ಹೊರಗಡೆಯಿಂದ ಏನೂ ಕಾಣ್ಸಲ್ಲ. ಏನ್ಮಾಡ್ದೆ ಇದಕ್ಕೆ?’ ಎಂದ. ಹೇಳಿದೆ: ಕೆಂಪಗೆ ಕಾಯಿಸಿದೆ, ನೀರಿಗೆ ಅದ್ದಿದೆ, ಆಮೇಲೆ ಕ್ರೋಮ್ ಅಂಗಡಿಯವರು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿದರು. ಅಪ್ಪ ಹೇಳಿದ: ‘ನೀರು ಅದನ್ನ ಗಾಜು ಮಾಡ್ತು. ಆಮ್ಲ ಗಾಜಿನ ಒಳಕ್ಕೆ ಇಳೀತು. ಇನ್ನೊಂದು ಜೊತೆ ಎಲ್ಲಿದೆ?’

ನಿನ್ನ ಹತ್ತಿರ ಇದೆ ಎಂದಾಗ ಅಪ್ಪನೇ ನನ್ನನ್ನು ತಂತಿ ಆಫೀಸಿಗೆ ಕರೆದುಕೊಂಡು ಹೋದ.

ನೋಡಿದರೆ ಗೊತ್ತಾಗುವುದಿಲ್ಲ. ಬಿರುಕಿದ್ದರೂ ಹೊಳಪಿನ ಕೆಳಗಿರುತ್ತದೆ. ಬಿರುಕು ಇನ್ನೂ ಹುಟ್ಟಿಲ್ಲದೆಯೂ ಇರಬಹುದು, ನಾಳೆ ಹುಟ್ಟಬಹುದು. ನಿನ್ನದು ಮುರಿದೇ ಮುರಿಯುತ್ತದೆ ಎಂದು ನಾನು ಹೇಳುವುದಿಲ್ಲ, ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದೇ ನನಗೆ ಭಯ. ನಿನ್ನ ಹಳೇ ತೋಳುಗಳನ್ನೇ ಹಾಕಿಕೋ. ತಾಗಿದರೆ ತಾಗಲಿ.

ಒಂದು ಸಾಲು ಬರೆ. ‘ಬಿಚ್ಚಿದೆ’ ಎಂದಷ್ಟೇ ಬರೆದರೂ ಸಾಕು.

ಆರ್ವಲ್

*

ಈಲಿ
ಜೂನ್ 26

ಆರ್ವಲ್,

ತಂತಿ ತಂದವನನ್ನು ಬಾಗಿಲಲ್ಲಿ ನೋಡಿ ಲೆಟಾ ಯಾರೋ ಸತ್ತರು ಎಂದುಕೊಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಓದಿದ ಮೇಲೆ, ‘ಕಬ್ಬಿಣಕ್ಕೆ ತಂತಿ ಕಳಿಸ್ತಾರಾ?’ ಎಂದು ನನ್ನ ತಲೆಗೆ ಮೊಟಕಿದಳು.

ನಿನ್ನದು ಮುರಿಯಿತು. ನೀನು ಬೋಲ್ಟನ್ನು ಅತಿಯಾಗಿ ಬಿಗಿದಿರುತ್ತೀಯ; ನಿನ್ನ ಕೈ ನನಗೆ ಗೊತ್ತಿಲ್ಲವೇ? ನನ್ನವು ಎರಡು ತಿಂಗಳಿನಿಂದ ಈ ಗುಡ್ಡದ ರಸ್ತೆಯಲ್ಲಿ, ಕಲ್ಲು ಗುಂಡಿ ಎಲ್ಲ ಹಾರಿಕೊಂಡು ಓಡುತ್ತಿವೆ. ಮುರಿಯುವುದಿದ್ದರೆ ಯಾವತ್ತೋ ಮುರಿಯುತ್ತಿದ್ದವು. ಷೆಡ್ಡಿನವರಿಗೆ ನಿನ್ನ ಕಾಗದ ಓದಿ ಹೇಳಿದೆ. ‘ಉಕ್ಕು ತಾನಾಗೇ ಒಡೀತಾ? ಬೇಜಾರಾಗಿತ್ತಾ ಅದಕ್ಕೆ?’ ಎಂದು ಹೊಟ್ಟೆ ಹಿಡಿದು ನಕ್ಕರು.

ಈಗ ನಾನು ನಿಜ ಹೇಳುತ್ತೇನೆ, ಕೇಳು. ನಿನ್ನ ಗಾಡಿ ಆಗಸ್ಟಿಗೆ ಸಿದ್ಧವಾಗುವುದಿಲ್ಲ. ನನ್ನದು ಸಿದ್ಧವಾಗಿದೆ. ಹೋದ ವರ್ಷ ಫಲಕ ಹೋಯಿತು. ಈ ವರ್ಷ ಉಡುಗೊರೆ ಕೊಟ್ಟು, ಅದನ್ನೂ ಹೆದರಿಸಿ ವಾಪಸ್ ತೆಗೆದುಕೊಳ್ಳಬೇಕೆಂದಿದ್ದೀಯ. ಹಳೇ ತೋಳಿನಲ್ಲಿ ನಾನು ಪೂರ್ತಿ ತಿರುಗಿಸಲಾರೆ ಎಂದು ನಿನಗೆ ಚೆನ್ನಾಗಿ ಗೊತ್ತು.

ಇನ್ನು ಬರೆಯಬೇಡ. ಬರೆದರೂ ಬಿಡಿಸುವುದಿಲ್ಲ.

ಡೆಲ್ಮರ್ ಕ್ರೌಚ್

*

ಆಯಿಲ್‌ಡೇಲ್
ಜುಲೈ 5

ಲೆಟಾ ಅವರಿಗೆ,

ನೀವು ನನ್ನನ್ನು ಒಂದೇ ಸಲ ನೋಡಿದ್ದೀರಿ. ಹೋದ ವರ್ಷ ಉಪ್ಪಿನ ಬಯಲಿನಿಂದ ಮರಳುವಾಗ ನೀವು ಅಡುಗೆ ಮಾಡುವ ಊಟದಂಗಡಿಗೆ ಬಂದಿದ್ದೆ. ನನ್ನ ಮುಂದೆ ಪೈ ಇಟ್ಟು, ‘ನನ್ ತಮ್ಮನ ಫಲಕ ಕಳೆದೋನು ನೀನೇನಾ?’ ಎಂದು ಕೇಳಿದಿರಿ. ಹೌದು ಎಂದೆ. ನೀವು ಇನ್ನೊಂದು ತುಂಡು ಪೈ ಹಾಕಿದಿರಿ. ಯಾಕೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ಧೈರ್ಯದಲ್ಲಿ ಅಂಗಡಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ.

ಡೆಲ್ಮರ್ ತಂತಿಯ ವಿಷಯವನ್ನು ತಮಾಷೆ ಮಾಡಿ ಹೇಳಿರುತ್ತಾನೆ. ಅದು ತಮಾಷೆಯಲ್ಲ. ಅವನ ಗಾಡಿಯ ಸ್ಟಿಯರಿಂಗನ್ನೂ ಮುಂದಿನ ಚಕ್ರಗಳನ್ನೂ ಜೋಡಿಸುವ ತೋಳುಗಳನ್ನು ನಾನು ಮಾಡಿದೆ, ತಪ್ಪಾಗಿ ಮಾಡಿದೆ. ಎಡಗಡೆಯದು ಓಡುವಾಗ ಮುರಿದರೆ ಸ್ಟಿಯರಿಂಗ್ ಅವನ ಕೈಯಲ್ಲಿ ಸುಮ್ಮನೆ ತಿರುಗುತ್ತದೆ, ಗಾಡಿ ತನಗೆ ಬೇಕಾದ ಕಡೆ ಹೋಗುತ್ತದೆ. ಬ್ರೇಕ್ ಹಾಕುವಷ್ಟು ಹೊತ್ತು ಸಿಗುವುದಿಲ್ಲ. ಇದನ್ನು ಮೆತ್ತಗೆ ಬರೆಯಲು ನನಗೆ ಬರಲಿಲ್ಲ.

ನನ್ನ ಗಾಡಿಗೆ ಹೊಸದಾಗಿ ಇನ್ನೊಂದು ಜೊತೆ ಮಾಡಿದ್ದೇನೆ. ಈ ಸಲ ಬೂದಿಯಲ್ಲಿ ಹೂತಿಟ್ಟು, ಇಡೀ ದಿನ ಮುಟ್ಟದೆ, ತಾನಾಗಿ ತಣಿಯಲು ಬಿಟ್ಟೆ. ಕಪ್ಪು ಬಣ್ಣ ಬಳಿದೆ. ಸುತ್ತಿಗೆಯಿಂದ ಹೊಡೆದರೆ ಬಗ್ಗುತ್ತದೆ, ಒಡೆಯುವುದಿಲ್ಲ. ಅಪ್ಪ, ‘ಕಾಯೋದು ಕಲಿತ್ಯಾ? ತಡವಾಗಿ ಕಲಿತೆ’ ಎಂದ.

ಡೆಲ್ಮರ್ ನನ್ನ ಕಾಗದ ಬಿಡಿಸುವುದಿಲ್ಲ. ನಿಮ್ಮ ಮಾತು ಕೇಳುತ್ತಾನೆಯೇ? ನಾನು ಬಸ್ಸು ಹಿಡಿದು ಬರಲೇ?

ಆರ್ವಲ್ ಟೀಗ್

*

ಈಲಿ
ಜುಲೈ 15

ಆರ್ವಲ್,

ಬರಬೇಡ. ನೀನು ಬಂದರೆ ಇಬ್ಬರೂ ಅಂಗಳದಲ್ಲಿ ಕಿತ್ತಾಡುತ್ತೀರಿ. ಅವನು ಕೋಪದಲ್ಲಿ ಗಾಡಿ ಹತ್ತುತ್ತಾನೆ. ನನಗೆ ಅವನ ಕೋಪದಷ್ಟು ಬೇರೆ ಯಾವುದರ ಭಯವೂ ಇಲ್ಲ.

ರಾತ್ರಿಯೂಟಕ್ಕೆ ಬೀನ್ಸ್ ಬಡಿಸುತ್ತಾ ಮಾತು ತೆಗೆದೆ.

‘ಆರ್ವಲ್ ಬರೆದಿದಾನೆ.’

‘ನಿಂಗೂ ಬರೆದ್ನಾ? ಮುಂದಿನ ವಾರ ಗಣಿ ಮ್ಯಾನೇಜರ್‌ಗೂ ಬರೀತಾನೆ ಬಿಡು.’

‘ಡೆಲ್, ಅವನು ಸುಳ್ಳು ಹೇಳೋನಲ್ಲ. ಅದಕ್ಕೇ ಅಲ್ವಾ ನಿಂಗೆ ಅವನ ಮೇಲೆ ಕೋಪ?’

ಅವನು ಚಮಚ ಕೆಳಗಿಟ್ಟ. ‘ನೀನು ಯಾರ ಕಡೆ, ಲೆಟಾ?’

ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ. ಅಂದಿನಿಂದ ಅವನು ಈ ಪ್ರಶ್ನೆ ಕೇಳಿರಲಿಲ್ಲ. ನಾನು ತಟ್ಟೆ ತೊಳೆಯಲು ಎದ್ದೆ.

ಮಾರನೇ ದಿನ ಎಂಜಿನ್ನಿನಿಂದ ಒಂದು ಚಿಕ್ಕ ಭಾಗ ಕಿತ್ತು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ. ಅವನು ನೇರ ಹಿಟ್ಟಿನ ಡಬ್ಬಿಗೇ ಕೈ ಹಾಕಿದ. ಚಿಕ್ಕವನಿದ್ದಾಗ ಅವನಿಂದ ಮಿಠಾಯಿ ಬಚ್ಚಿಡುತ್ತಿದ್ದುದೂ ಅಲ್ಲೇ. ಆ ಸಂಜೆ ನನಗೆ ಪಾಠ ಕಲಿಸಲೆಂದೇ ಇಳಿಜಾರಿನಲ್ಲಿ ಒಬ್ಬನೇ ಓಡಿಸಿದ. ಅಡುಗೆಮನೆಯಲ್ಲಿ ನಿಂತರೆ ಎಂಜಿನ್ನಿನ ಸದ್ದು ಕೆಳಗಿನವರೆಗೂ ಕೇಳುತ್ತದೆ. ಕೊನೆಯ ತಿರುವಿನ ಹತ್ತಿರ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನಾನು ಹಿಟ್ಟು ಮೆತ್ತಿದ ಕೈಯಲ್ಲೇ ರಸ್ತೆಗೆ ಓಡಿದೆ. ಕೆಳಗೆ ಯಾರ ಜೊತೆಯೋ ಮಾತಿಗೆ ನಿಂತಿದ್ದನಂತೆ.

ಈಗ ನಾನು ಒಂದು ಉಪಾಯ ಮಾಡಿದ್ದೇನೆ. ಬೆಳಗ್ಗೆ ಕೆಲಸಕ್ಕೆ ಕಂಪನಿಯ ಬಸ್ಸಿನಲ್ಲಿ ಊರಿಗೆ ಇಳಿಯುತ್ತಿದ್ದವಳು, ಬಸ್ಸು ಬಿಟ್ಟು ಅವನ ಪಕ್ಕದ ಸೀಟಿನಲ್ಲಿ ಕೂತೆ. ‘ಬಸ್ಸಲ್ಲಿ ವಾಸ್ನೆ’ ಎಂದೆ. ಅವನಿಗೆ ಎಷ್ಟು ಸಂತೋಷವಾಯಿತು ಗೊತ್ತೇ? ಕೊನೆಗೂ ಅಕ್ಕನಿಗೆ ಗಾಡಿ ಹಿಡಿಸಿತು ಎಂದುಕೊಂಡ. ನಾನು ಪಕ್ಕದಲ್ಲಿದ್ದರೆ ಅವನು ಮೂವತ್ತು ಮೈಲಿಯ ವೇಗ ದಾಟುವುದಿಲ್ಲ. ನನ್ನ ಕೂದಲು ಕೆದರೀತು ಎಂದು ಇನ್ನೂ ನಿಧಾನ ಮಾಡುತ್ತಾನೆ. ಆದ್ದರಿಂದ ದಿನಾ ಕೂರುತ್ತೇನೆ. ಸಂಜೆ ನನ್ನ ಕೆಲಸ ಮುಗಿಯುವವರೆಗೆ ಅವನು ಕಾಯಬೇಕಾಗುತ್ತದೆ. ಹಾಗಾಗಿ ಒಬ್ಬನೇ ಓಡಿಸುವ ಹೊತ್ತು ಅವನಿಗೆ ಉಳಿಯುವುದಿಲ್ಲ.

ಇದನ್ನು ಅವನಿಗೆ ತಿಳಿಸಬೇಡ. ತಿಳಿದರೆ ನನ್ನನ್ನು ಹತ್ತಿಸುವುದಿಲ್ಲ.

ಉಪ್ಪಿನ ಬಯಲಿನ ಪಂದ್ಯದಲ್ಲಿ ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸುವುದಿಲ್ಲವಂತೆ. ಹೌದೇ?

ಲೆಟಾ ಕ್ರೌಚ್

*

ಆಯಿಲ್‌ಡೇಲ್
ಜುಲೈ 21

ಲೆಟಾ ಅವರಿಗೆ,

ನಿಮ್ಮ ಕಾಗದವನ್ನು ನಿಂತೇ ಓದಿದೆ. ಇಳಿಯಿರಿ. ದಯವಿಟ್ಟು ನಾಳೆಯಿಂದ ಬಸ್ಸಿನಲ್ಲೇ ಹೋಗಿ.

ಮೂವತ್ತು ಮೈಲಿಯಲ್ಲಿ ಅದು ಮುರಿಯುವುದಿಲ್ಲ ಎಂದು ನಿಮಗೆ ಸಮಾಧಾನ ಹೇಳಬಹುದಿತ್ತು. ಹೇಳಲಾರೆ. ನನ್ನದು ನಿಂತಲ್ಲೇ ಮುರಿಯಿತು. ಆ ರಸ್ತೆಯಲ್ಲಿ ಒಂದು ಬದಿ ಏನೂ ಇಲ್ಲ ಎಂದು ಡೆಲ್ಮರೇ ಬರೆದಿದ್ದ. ನೀವು ಕೂರುವುದು ಆ ಬದಿಗೆ.

ಹೌದು, ಪಂದ್ಯದಲ್ಲಿ ಒಬ್ಬನೇ ಓಡಿಸಬೇಕು.

ಇವತ್ತು ನನ್ನ ಗಾಡಿಯಿಂದ ಕಪ್ಪು ತೋಳುಗಳನ್ನು ಬಿಚ್ಚಿ ರೈಲಿನಲ್ಲಿ ಅವನ ಹೆಸರಿಗೆ ಕಳಿಸಿದ್ದೇನೆ. ಇನ್ನೊಂದು ಜೊತೆಗೆ ಬೇಕಾದ ಹಳೇ ತೋಳು ನಮ್ಮ ಅಂಗಳದಲ್ಲೂ ಇಲ್ಲ, ಸುತ್ತ ಎಲ್ಲೂ ಸಿಗಲಿಲ್ಲ. ಹಾಗಾಗಿ ಈ ವರ್ಷ ನಾನು ಉಪ್ಪಿನ ಮೇಲೆ ಓಡಿಸುವುದಿಲ್ಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೆ ಇಟ್ಟಿದ್ದೇನೆ. ಅವನು ಓಡಿಸಲಿ. ಗೆಲ್ಲಲಿ. ನನಗೆ ಅವನನ್ನು ಸೋಲಿಸುವ ಆಸೆಯಿಲ್ಲ ಎಂಬಷ್ಟನ್ನಾದರೂ ಅವನು ನಂಬಬಹುದು.

ನಿಮ್ಮ ವಿಷಯ ಅವನಿಗೆ ಹೇಳಬೇಡ ಎಂದಿರಿ. ನಾನಾಗಿ ಹೇಳಿಲ್ಲ. ಅವನು ಕೇಳಿದರೆ ಇಲ್ಲವೆನ್ನುವುದಿಲ್ಲ. ಅವನು ಕೇಳಲಿ ಎಂದು ದಿನಾ ಬಯಸುತ್ತೇನೆ.

ಪೆಟ್ಟಿಗೆ ಬಂದ ಕೂಡಲೇ ತಿಳಿಸಿ.

ಆರ್ವಲ್

*

ಆಯಿಲ್‌ಡೇಲ್
ಆಗಸ್ಟ್ 19

ಲೆಟಾ ಅವರಿಗೆ,

ಪೆಟ್ಟಿಗೆ ಬಂತೋ ಇಲ್ಲವೋ ತಿಳಿಯಲಿಲ್ಲ. ನೀವು ಬರೆಯಲಿಲ್ಲ. ನಾನು ಮಾಡುತ್ತಿರುವುದು ಗುಜರಿ ಅಂಗಳದ ಕೆಲಸ, ನಿಮಗೆ ಗೊತ್ತಿರಬಹುದು. ಅಪ್ಪಚ್ಚಿಯಾದ ಗಾಡಿಗಳನ್ನು ಇಲ್ಲಿಗೆ ಎಳೆದು ತರುತ್ತಾರೆ. ನಾನು ಬಿಚ್ಚಿ ಬೇರೆ ಬೇರೆ ಗುಡ್ಡೆ ಹಾಕುತ್ತೇನೆ. ಮೊದಲು ಎಂಜಿನ್ ನೋಡುತ್ತಿದ್ದೆ. ಈಗ ಯಾವ ಗಾಡಿ ಬಂದರೂ ಮೊಣಕಾಲೂರಿ ಮುಂದಿನ ಚಕ್ರದ ಹಿಂದೆ ನೋಡುತ್ತೇನೆ. ಹೋದ ವಾರ ಒಂದರ ಒಳಗೆ ಹೆಂಗಸಿನ ಚಪ್ಪಲಿ ಇತ್ತು, ಒಂದೇ. ಆ ಗಾಡಿಯ ಕೆಲಸ ನನ್ನಿಂದಾಗಲಿಲ್ಲ. ಮಾಲೀಕ ಬೈದ. ಬೈಸಿಕೊಂಡೆ.

ನಿಮ್ಮ ಅಂಗಡಿಗೆ ಟೆಲಿಫೋನ್ ಮಾಡಿದೆ. ಯಾರೋ ಎತ್ತಿ, ‘ಲೆಟಾ ಇನ್ನೂ ಬಂದಿಲ್ಲ, ತಮ್ಮನ ಗಾಡೀಲಿ ಬರ್ತಾಳೆ’ ಎಂದರು. ಹಿಡಿದುಕೊಂಡೇ ಇದ್ದೆ. ಸಂಪರ್ಕ ಕಡಿದುಹೋಯಿತು. ಮತ್ತೆ ಮಾಡುವ ಧೈರ್ಯ ಬರಲಿಲ್ಲ. ಬಂದಿಲ್ಲ ಎಂದು ಇನ್ನೊಮ್ಮೆ ಹೇಳಿಬಿಟ್ಟರೆ ಎಂಬ ಭಯ.

ಬದುಕಿದ್ದೀರಾ? ಖಾಲಿ ಹಾಳೆಯನ್ನಾದರೂ ಕಳಿಸಿ.

ಆರ್ವಲ್

*

ಈಲಿ
ಆಗಸ್ಟ್ 28

ಆರ್ವಲ್,

ಇದನ್ನು ಷೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆಯಿಂದ ಉಪ್ಪಿನ ಮೇಲೆ ಗಾಡಿಗಳು ಓಡುತ್ತಿವೆ. ನಾನು ಹೋಗಲಿಲ್ಲ.

ನಿನ್ನ ಪೆಟ್ಟಿಗೆ ಜುಲೈ ಕೊನೆಗೇ ಬಂದಿತ್ತು. ಹೆಸರು ನೋಡಿ ಕೆಲಸದ ಮೇಜಿನ ಕೆಳಗೆ ತಳ್ಳಿದ್ದೆ. ಬಂದದ್ದನ್ನು ಲೆಟಾಗೂ ಹೇಳಿರಲಿಲ್ಲ.

ಭಾನುವಾರ ಬೆಳಗ್ಗೆ ಹೊರಡಲು ಗಾಡಿಗೆ ಎಲ್ಲ ತುಂಬಿಸಿ ಒಳಗೆ ಟೋಪಿ ತರಲು ಹೋದೆ. ಬಂದು ನೋಡಿದರೆ ಲೆಟಾ ಪಕ್ಕದ ಸೀಟಿನಲ್ಲಿ ಕೂತಿದ್ದಾಳೆ. ಭಾನುವಾರದ ಬಟ್ಟೆ ಹಾಕಿದ್ದಾಳೆ, ಮಡಿಲಲ್ಲಿ ಊಟದ ಡಬ್ಬಿ.

‘ಇಳಿ ಲೆಟಾ, ನಾನು ಪಂದ್ಯಕ್ಕೆ ಹೋಗ್ತಿರೋದು.’

‘ಗೊತ್ತು. ನಾನೂ ಬರ್ತೀನಿ.’

‘ಅಲ್ಲಿ ನಿನ್ನ ಕೂರ್ಸೋಕೆ ಬಿಡಲ್ಲ.’

‘ಬಿಡೋ ಜಾಗದ ತನಕ ಕೂರ್ತೀನಿ.’

ನಗು ಬಂತು. ತಮಾಷೆಗೆ ಅವಳ ಕೈ ಹಿಡಿದು ಇಳಿಸಲು ಹೋದೆ. ಕೈ ಬರಲಿಲ್ಲ. ಸೀಟಿನ ಅಂಚನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬೆರಳುಗಳೆಲ್ಲ ಬಿಳಿಚಿದ್ದವು. ಇಡೀ ಮೈ ನಡುಗುತ್ತಿತ್ತು. ಎಂಜಿನ್ ಇನ್ನೂ ಶುರು ಮಾಡಿರಲಿಲ್ಲ, ಆರ್ವಲ್. ಗಾಡಿ ಸುಮ್ಮನೆ ನಿಂತಿತ್ತು.

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಸೀಟಿನ ಅಂಚಿನ ಚರ್ಮದ ಕೆಳಬದಿಯಲ್ಲಿ ಉಗುರಿನ ಗುರುತುಗಳು. ಒಂದರ ಮೇಲೊಂದು, ಹಳೆಯವು, ಹೊಸವು. ಒಂದೆರಡು ಕಡೆ ಚರ್ಮ ಹರಿದು ಒಳಗಿನ ಹತ್ತಿ ಬಂದಿತ್ತು.

‘ಯಾವಾಗ್ಲಿಂದ ಹಿಂಗೆ?’ ಎಂದೆ.

‘ಬಸ್ಸು ಬಿಟ್ಟಾಗ್ಲಿಂದ.’

‘ಮತ್ಯಾಕೆ ಕೂರ್ತಿದ್ದೆ?’

ಅವಳು ನನ್ನ ಅಂಗಿಯ ಕಾಲರ್ ಸರಿಮಾಡಿದಳು. ಅವಳು ಗಾಡಿಯ ಆಸೆಗೆ ಕೂರುತ್ತಿದ್ದಾಳೆ ಎಂದುಕೊಂಡು ಈ ಬೇಸಿಗೆಯೆಲ್ಲ ನಾನು ಷೆಡ್ಡಿನಲ್ಲಿ ಕೊಚ್ಚಿಕೊಂಡಿದ್ದೇನೆ.

ನಿನ್ನ ಪೆಟ್ಟಿಗೆ ಬಿಚ್ಚಿದೆ. ಚೀಟಿ ಓದಿದೆ. ಕಪ್ಪು ತೋಳುಗಳನ್ನು ಕೂರಿಸಿದೆ. ನಿನ್ನ ಮಾತು ಸುಳ್ಳೆಂದು ತೋರಿಸುವ ಆಸೆ ಆಗಲೂ ಇತ್ತು, ಮುಚ್ಚಿಡುವುದಿಲ್ಲ. ಲೆಟಾ ಒಳಗೆ ಹೋದ ಮೇಲೆ ಕ್ರೋಮಿನ ಎಡ ತೋಳನ್ನು ಕೆಲಸದ ಮೇಜಿನ ಇಕ್ಕಳಕ್ಕೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದೆ. ಬಲವಾಗಿ ಅಲ್ಲ. ಮೊದಲ ಏಟಿಗೇ ಎರಡಾಯಿತು. ಒಳಗೆ ಅರ್ಧದಷ್ಟು ಜಾಗ ಆಗಲೇ ಕಪ್ಪಾಗಿತ್ತು, ತುಕ್ಕು ಹಿಡಿದಿತ್ತು. ಎಷ್ಟು ದಿನದಿಂದ ಒಡೆದಿತ್ತೋ. ಉಳಿದರ್ಧದ ಮೇಲೆ ನಾನು ಅವಳನ್ನು ಗುಡ್ಡ ಇಳಿಸುತ್ತಿದ್ದೆ. ಬಲ ತೋಳಿಗೆ ನನ್ನ ಭುಜ ನೋಯುವವರೆಗೆ ಹೊಡೆದೆ. ಅದಕ್ಕೇನೂ ಆಗಲಿಲ್ಲ. ಒಂದೇ ಬೆಂಕಿಯಲ್ಲಿ ಬೆಂದವು ತಾನೇ? ಅದು ನನ್ನನ್ನು ಇನ್ನೂ ಹೆದರಿಸುತ್ತದೆ.

ಲೆಟಾಗೆ ನಾನು ಬೇರೆ ಹೇಳಿದ್ದೇನೆ: ಹೊಡೆದು ನೋಡಿದೆ, ಬಗ್ಗಿತು, ಒಡೆಯಲಿಲ್ಲ, ಸುಮ್ಮನೆ ಹೆದರಿದ್ದೆವು ಎಂದು. ತುಂಡುಗಳನ್ನು ಗಣಿಯ ಗುಂಡಿಗೆ ಎಸೆದೆ. ನನ್ನನ್ನು ಸಾಕಿದವಳು ಅವಳು. ಎಂಥದ್ದರಲ್ಲಿ ಅವಳನ್ನು ಕೂರಿಸಿಕೊಂಡು ಓಡಿಸುತ್ತಿದ್ದೆ ಎಂದು ಅವಳಿಗೆ ತಿಳಿಯಬಾರದು. ಒಂದು ಸಲ, ಆರ್ವಲ್, ನನಗೋಸ್ಕರ ಒಂದೇ ಸಲ ಬಾಯಿ ಮುಚ್ಚಿಕೊಂಡಿರು.

ಕಪ್ಪು ತೋಳುಗಳು ಚೆನ್ನಾಗಿವೆ. ಆದರೂ ಕೊನೆಯ ತಿರುವಿನಲ್ಲಿ ಇಳಿದು, ಗಾಡಿಯ ಕೆಳಗೆ ಕೈ ಹಾಕಿ, ಮುಟ್ಟಿ ನೋಡಿ, ಮತ್ತೆ ಹತ್ತುತ್ತೇನೆ.

ಡೆಲ್ಮರ್

*

ಈಲಿ
ಸೆಪ್ಟೆಂಬರ್ 4

ಆರ್ವಲ್,

ಬರೆಯದೆ ಇದ್ದದ್ದಕ್ಕೆ ಬೈದುಕೋ. ಇಳಿಯಿರಿ ಎಂದು ನೀನು ಬರೆದಿದ್ದೆ. ಇಳಿಯುವುದಿಲ್ಲ ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ.

ಈಗ ಬಸ್ಸಿನಲ್ಲಿ ಹೋಗುತ್ತೇನೆ. ಹೊಳೆಯುವ ತೋಳನ್ನು ಸುತ್ತಿಗೆಯಿಂದ ಹೊಡೆದು ನೋಡಿದೆ, ಒಡೆಯಲಿಲ್ಲ, ಬಗ್ಗಿತು ಅಷ್ಟೆ ಎಂದು ಡೆಲ್ ಹೇಳಿದ. ಹೇಳುವಾಗ ಕಿಟಕಿ ಕಡೆ ನೋಡುತ್ತಿದ್ದ. ಷೆಡ್ಡಿನವರಿಗೂ ಅದನ್ನೇ ಹೇಳಿದ್ದಾನೆ. ಅವರೆಲ್ಲ ನಮ್ಮ ಅಂಗಡಿಗೇ ಊಟಕ್ಕೆ ಬರುವುದು. ‘ಲೆಟಾ, ಈ ಚಮಚ ಮುರಿಯಲ್ಲ ತಾನೇ?’ ಎಂದು ಒಬ್ಬ. ‘ಕುರ್ಚಿ ತಟ್ಟಿ ನೋಡಿ ಕೂತ್ಕೊಳ್ರಪ್ಪ’ ಎಂದು ಇನ್ನೊಬ್ಬ. ನಾನೂ ನಗುತ್ತೇನೆ. ಅವರಿಗೆ ಇನ್ನಷ್ಟು ಸಾರು ಹಾಕುತ್ತೇನೆ.

ಆದರೆ ನಡುಕ ಹೋಗಿಲ್ಲ. ಬಸ್ಸಿನಲ್ಲೂ ಬರುತ್ತದೆ. ಒಲೆಯ ಮೇಲೆ ಪಾತ್ರೆ ಸದ್ದು ಮಾಡಿದರೂ ಬರುತ್ತದೆ. ಏನೂ ಆಗದ್ದಕ್ಕೆ ಇಷ್ಟು ಹೆದರಿದೆನೇ? ಹಾಗಾದರೆ ನನ್ನ ತಲೆಯಲ್ಲೇ ಏನೋ ಕೆಟ್ಟಿದೆ. ನಾಳೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ನಾನು ಹೇಗೆ ತಿಳಿಯುವುದು? ಅಮ್ಮನಿಗೂ ಕೊನೆಯ ದಿನಗಳಲ್ಲಿ ಹೀಗೆಯೇ ಆಗಿತ್ತು. ಇದನ್ನು ಡೆಲ್‌ಗೆ ಹೇಳಿಲ್ಲ.

ಅವನು ನಿನಗೆ ಬರೆದಿರುತ್ತಾನೆ. ಒಡೆಯಿತೇ? ನಿನ್ನನ್ನೇ ಕೇಳುತ್ತಿದ್ದೇನೆ.

ಲೆಟಾ

*

ಆಯಿಲ್‌ಡೇಲ್
ಸೆಪ್ಟೆಂಬರ್ 9

ಲೆಟಾ ಅವರಿಗೆ,

ಒಡೆಯಿತು.

ಎಡಗಡೆಯದು. ಮೊದಲ ಏಟಿಗೆ, ಮೆಲ್ಲಗೆ ಹೊಡೆದ ಏಟಿಗೆ. ಒಳಗೆ ಅರ್ಧ ಜಾಗ ತುಕ್ಕು ಹಿಡಿದಿತ್ತಂತೆ. ಎಂದರೆ ನೀವು ಕೂತಿದ್ದ ಎಷ್ಟೋ ಬೆಳಗುಗಳಲ್ಲಿ ಅದು ಆಗಲೇ ಅರ್ಧ ಒಡೆದಿತ್ತು. ಉಳಿದರ್ಧ ಹಿಡಿದುಕೊಂಡಿತ್ತು. ನೀವು ಪಕ್ಕದಲ್ಲಿದ್ದುದರಿಂದ ಅವನು ನಿಧಾನ ಓಡಿಸಿದ. ನಿಧಾನ ಓಡಿಸಿದ್ದರಿಂದ ಅದು ಹಿಡಿದುಕೊಂಡಿತೋ, ಇಲ್ಲ ಸುಮ್ಮನೆ ಹಿಡಿದುಕೊಂಡಿತೋ, ನನಗೆ ಗೊತ್ತಿಲ್ಲ. ಇಳಿಯಿರಿ ಎಂದು ಬರೆದಿದ್ದೆ. ಆ ಸಾಲನ್ನು ಈಗ ಅಷ್ಟು ಗಟ್ಟಿಯಾಗಿ ಬರೆಯಲಾರೆ.

ಡೆಲ್ಮರ್ ಸುಳ್ಳು ಹೇಳಿದ್ದು ನಿಮ್ಮನ್ನು ಮರುಳು ಮಾಡಲು ಅಲ್ಲ. ನಿಮ್ಮನ್ನು ಅಂಥದ್ದರಲ್ಲಿ ಕೂರಿಸಿದ್ದನ್ನು ಅವನಿಂದ ಹೊರಲಾಗುತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡಿರಬೇಕು ಎಂದು ಕೇಳಿಕೊಂಡಿದ್ದ. ನಿಮ್ಮ ಕಾಗದ ಬಂದ ಮೇಲೂ ಎರಡು ದಿನ ಮುಚ್ಚಿಕೊಂಡಿದ್ದೆ. ಅವನಿಗೂ ಇವತ್ತಿನ ಅಂಚೆಯಲ್ಲೇ ಬರೆದಿದ್ದೇನೆ, ನಿಮಗೆ ಹೇಳಿಬಿಟ್ಟೆ ಎಂದು. ಇದು ಎರಡನೇ ಸಲ. ಮೂರನೆಯದಕ್ಕೆ ಅವನು ಅವಕಾಶ ಕೊಡಲಿಕ್ಕಿಲ್ಲ. ಕೊಡದಿದ್ದರೆ ನನಗಿರುವ ಒಬ್ಬ ಗೆಳೆಯ ಹೋದ ಹಾಗೆ. ಆದರೆ ನೀವು ಕೇಳಿದಿರಿ.

ಅಂಗಡಿಯಲ್ಲಿ ನಗುವವರಿಗೆ ಏನು ಹೇಳಬೇಕೋ ಅದು ನಿಮಗೆ ಬಿಟ್ಟದ್ದು. ನಾನು ನಿಮಗೆ ಹೇಳುವುದು ಇಷ್ಟೇ. ನಿಮ್ಮ ತಲೆಯಲ್ಲಿ ಏನೂ ಕೆಟ್ಟಿಲ್ಲ. ಆ ಗಾಡಿಯನ್ನು ಕಂಡವರಲ್ಲಿ ಅದನ್ನು ಸರಿಯಾಗಿ ಅಳೆದದ್ದು ನೀವೊಬ್ಬರೇ. ಎಷ್ಟು ಹೆದರಬೇಕಿತ್ತೋ ಅಷ್ಟೇ ಹೆದರಿದಿರಿ. ಒಂದು ಕೂದಲಷ್ಟೂ ಹೆಚ್ಚಿಲ್ಲ.

ಆರ್ವಲ್ ಟೀಗ್